ರೇಷ್ಮೆ ಮನೆ ಬಾಗಿಲಿನ ಬಕೆಟ್ಟು

ಮಕ್ಕಳಿಗಾಗಿ ನಾನೊಂದು ನಗೆ ಕಾದಂಬರಿ ಬರೆದೆ. ಎಂಟನೇ ಕ್ಲಾಸಿನವರು ಪ್ರಾಜೆಕ್ಟಿಗೆಂದು ಕೀಟ ಹಿಡಿಯಲು ಹೊರಟು ಊರನ್ನೇ ಅಲ್ಲೋಲಕಲ್ಲೋಲ ಮಾಡುವ ಕಥೆ. ಕಥೆ ಅನ್ನುವುದು ಮರ್ಯಾದೆಯ ಮಾತು, ಮುಕ್ಕಾಲು ಪಾಲು ನಡೆದದ್ದೇ. ಕಿರುಗಾವಲಿನಿಂದಾಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ತಲಾ ಇಪ್ಪತ್ತು ಕೀಟ ಹಿಡಿದು, ಥರ್ಮಾಕೋಲಿಗೆ ಗುಂಡುಪಿನ್ನಿನಿಂದ ಚುಚ್ಚಿ, ಕೆಳಗೆ ಚೀಟಿ ಅಂಟಿಸಿ ತನ್ನಿ ಎಂದವಳು ನಾನೇ. ಚೀಟಿಯಲ್ಲಿ ಕೀಟದ ಹೆಸರು, ಸಿಕ್ಕಿದ ಜಾಗ, ಸತ್ತ ಕಾರಣ ಇಷ್ಟೂ ಇರಬೇಕು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಬೇರೆ ಎಳೆದಿದ್ದೆ.

ಮಕ್ಕಳು ತಂದದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಒಬ್ಬ ಟಿಫಿನ್ ಡಬ್ಬಿಯಲ್ಲಿ ಕಣಜದ ಗೂಡನ್ನೇ ತಂದು, ಹಾಜರಿ ಕೂಗುವ ಹೊತ್ತಿನಲ್ಲಿ ಮುಚ್ಚಳ ತೆಗೆದ. ಮೇಜಿನ ಕೆಳಗೆ ಮೊದಲು ನುಗ್ಗಿದವಳು ನಾನು. ಇನ್ನೊಬ್ಬಳು ಇಪ್ಪತ್ತು ಹೇನುಗಳನ್ನು ಸಾಲಾಗಿ ಗೋಂದಿನಲ್ಲಿ ಅಂಟಿಸಿ ತಂದಿದ್ದಳು. ಸಿಕ್ಕಿದ ಜಾಗ: ನಮ್ಮಜ್ಜಿ. ಸತ್ತ ಕಾರಣ: ನಮ್ಮವ್ವನ ಉಗುರು. ಇಂಥವನ್ನೆಲ್ಲ ಬರೆಯುವಾಗ ನಾನೊಬ್ಬಳೇ ಕೂತು ನಕ್ಕಿದ್ದೇನೆ.

ಹಿಸುಕಿದರೆ ಆಕಾರ ಕೆಡುತ್ತದೆ ಎಂದು, ಬಾಟಲಿಯೊಳಗೆ ಸೊಳ್ಳೆ ಸ್ಪ್ರೇ ಹೊಡೆದು ಮುಚ್ಚಿಡುವುದನ್ನು ಒಂದು ಮಧ್ಯಾಹ್ನ ಮಾಡಿ ತೋರಿಸಿದೆ. ಸ್ಪ್ರೇ ಡಬ್ಬಿಯ ಮೂತಿ ಸೋರಿ ಬೆರಳೆಲ್ಲ ಒದ್ದೆಯಾಯಿತು. ಸೆರಗಿಗೆ ಒರೆಸಿಕೊಂಡು ಪಾಠ ಮುಂದುವರಿಸಿದೆ. ಆಗ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು.

"ಮಿಸ್, ರೇಷ್ಮೆ ಉಳಾನೂ ಕೀಟನೇಯಾ? ನಮ್ಮನೇಲಿ ಸಾವ್ರಾರು ಅವೆ. ನೋಡಕ್ ಬತ್ತೀರಾ?"

ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಆ ಹುಡುಗಿಯ ಮನೆ ಊರಾಚೆಯ ಬೀದಿಯಲ್ಲಿತ್ತು. ಗೋಡೆಯಲ್ಲಿ ಬುದ್ಧನ ಪಟ ಇರುವ ಮನೆಗಳ ಬೀದಿ ಅದು. ನಾನು ಕಬ್ಬಿನ ಗದ್ದೆಗಳಿರುವ ಗೌಡರ ಮನೆಯಲ್ಲಿ ಹುಟ್ಟಿದವಳು, ಅದು ಆ ಮಕ್ಕಳಿಗೆಲ್ಲ ಗೊತ್ತು. ಯಾವ ಮೇಡಮ್ಮೂ ಆ ಬೀದಿಗೆ ಕಾಲಿಟ್ಟಿರಲಿಲ್ಲ. "ಇವತ್ತೇ ಬರ್ತೀನಿ" ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ನನ್ನ ಮೇಲೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಶಾಲೆ ಬಿಟ್ಟ ಮೇಲೆ ನೇರ ಅವಳ ಜೊತೆಯಲ್ಲೇ ಹೋದೆ. ಮನೆಗೆ ಅಂಟಿದ ಹಾಗೆ ಶೀಟಿನ ರೇಷ್ಮೆ ಮನೆ, ಅದರ ಬಾಗಿಲಲ್ಲಿ ಒಂದು ನೀಲಿ ಬಕೆಟ್ಟು, ಸೋಪು. ಹುಡುಗಿಯ ತಾಯಿ ಚೊಂಬಿನಲ್ಲಿ ನೀರು ಮೊಗೆದು, ತಲೆ ತಗ್ಗಿಸಿ ನನ್ನ ಕಡೆ ಚಾಚಿದಳು.

ಆ ಚೊಂಬು ಕಂಡದ್ದೇ ನನಗೆ ಮೈ ಉರಿಯಿತು. ನಮ್ಮ ಕಡೆಯವರು ಇಂಥ ಮನೆಗಳಿಗೆ ಅಪರೂಪಕ್ಕೆ ಬಂದರೆ ಹೋಗುವಾಗ ಕೈಕಾಲು ತೊಳೆದುಕೊಂಡು ಹೋಗುತ್ತಾರೆ, ನಮ್ಮ ತಾತ ತೊಳೆದದ್ದನ್ನು ನಾನೇ ನೋಡಿದ್ದೇನೆ. ಇದೂ ಅದೇ ನೀರು ಅಂದುಕೊಂಡೆ. ಚೊಂಬನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಾನು ಅಂಥವಳಲ್ಲ ಕಣಮ್ಮ, ಇದೆಲ್ಲ ನನಗೆ ಬೇಡ" ಎಂದೆ. ಹುಡುಗಿ "ಮಿಸ್, ಕೈಯಿ..." ಎಂದು ಏನೋ ಹೇಳಹೊರಟಳು. ತಾಯಿ ಅವಳನ್ನು ದುರುಗುಟ್ಟಿಕೊಂಡು ನೋಡಿದಳು.

ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಇನ್ನು ಆರೇಳು ದಿನ ಸೊಪ್ಪು ತಿಂದು ಗೂಡು ಕಟ್ಟುವ ಹುಳುಗಳು. ಅಂತಸ್ತು ಅಂತಸ್ತಿನ ಸ್ಟ್ಯಾಂಡುಗಳ ಮೇಲೆ ಅವು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ನನಗೆ ಅಸಹ್ಯವಿಲ್ಲ ಎಂದು ತೋರಿಸಲು ಕೈ ತುಂಬ ಎತ್ತಿಕೊಂಡೆ, ನೇವರಿಸಿದೆ, ಈ ಸ್ಟ್ಯಾಂಡಿನಿಂದ ಆ ಸ್ಟ್ಯಾಂಡಿಗೆ ಹೋಗಿ ಸೊಪ್ಪನ್ನೂ ಹರವಿಕೊಟ್ಟೆ. ತಾಯಿ ಗೋಡೆಗೊರಗಿ ನಿಂತೇ ಇದ್ದಳು. ಅವಳು ನಾಚಿಕೊಂಡಿದ್ದಾಳೆ ಎಂದುಕೊಂಡೆ. ಆಮೇಲೆ ಅವರ ಮನೆಯ ಕಾಫಿ ಕುಡಿದು, ಬಸ್ಸಿನಲ್ಲಿ ಮದ್ದೂರಿನ ನನ್ನ ಮನೆಯ ದಾರಿಯುದ್ದಕ್ಕೂ ಖುಷಿಯಾಗಿದ್ದೆ.

ಮೂರು ದಿನ ಹುಡುಗಿ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದವಳು ಪ್ರಾಜೆಕ್ಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಳಗೆ ಇಪ್ಪತ್ತು ರೇಷ್ಮೆ ಹುಳುಗಳು. ಎಲ್ಲವೂ ಕುಗ್ಗಿ ಗಿಡ್ಡವಾಗಿದ್ದವು, ಬಾಯಲ್ಲಿ ಹಸಿರು ಒಣಗಿತ್ತು.

"ಏನೇ ಇದು?"

"ಬೆಳೆ ಓಯ್ತು ಮಿಸ್. ಅರ್ಧಕ್ಕರ್ಧ ಸತ್ತೋದ್ವು. ಇರುವೆ ಇಡಿಯಕ್ಕೆ ಅಂತ ನಾನೇ ಉಳಿನ್ ಮನೇಲಿ ಸ್ಪ್ರೇ ಒಡ್ದ್ಬುಟ್ಟೆ."

ನಾನು ಬೆಚ್ಚಿಬಿದ್ದೆ. ರೇಷ್ಮೆ ಮನೆಯ ಹುಡುಗಿ ಇಂಥ ಕೆಲಸ ಮಾಡುವುದೇ? ಇಡೀ ಕ್ಲಾಸಿನ ಎದುರು ಬೈದೆ. "ಹುಳದ ಮನೇಲಿ ಹುಟ್ಟಿ ಇಷ್ಟೂ ಬುದ್ಧಿ ಬೇಡ್ವೇನೇ ನಿನಗೆ? ನಿಮ್ಮಮ್ಮನ ಹೊಟ್ಟೆ ಎಷ್ಟು ಉರಿದಿರಬೇಡ!" ಅವಳು ನೆಲ ನೋಡುತ್ತ ನಿಂತಿದ್ದಳು. ಡಬ್ಬಿಯ ಚೀಟಿಗಳಲ್ಲಿ ಹೆಸರಿತ್ತು, ಸಿಕ್ಕಿದ ಜಾಗವಿತ್ತು. ಸತ್ತ ಕಾರಣ ಎಂಬಲ್ಲಿ ಇಪ್ಪತ್ತೂ ಖಾಲಿ. ಕೆಂಪು ಪೆನ್ನಿನಲ್ಲಿ "ಕಾರಣ ಬರೆದಿಲ್ಲ" ಎಂದು ಬರೆದು ನಾಲ್ಕು ಮಾರ್ಕು ಕಳೆದೆ.

ಇದಾದ ಹದಿನೈದು ದಿನಕ್ಕೆ ವೈದ್ಯನಾಥಪುರದ ಹತ್ತಿರ ಇರುವ ನಮ್ಮ ಚಿಕ್ಕಮ್ಮನ ಮನೆಗೆ ಹೋದೆ. ಕಬ್ಬು ಸಾಕಾಗಿ ಅವಳು ಆ ವರ್ಷವಷ್ಟೇ ಹಿಪ್ಪುನೇರಳೆ ಹಾಕಿ ಹುಳ ಸಾಕಲು ಶುರುಮಾಡಿದ್ದಳು. "ಎಲ್ಲಿ, ನಿನ್ನ ಹುಳ ತೋರಿಸು" ಎನ್ನುತ್ತ ರೇಷ್ಮೆ ಮನೆಯ ಬಾಗಿಲಿಗೆ ನಡೆದೆನೋ ಇಲ್ಲವೋ, ಹಿಂದಿನಿಂದ ಕೂಗು ಬಂತು.

"ಏಯ್, ಅಲ್ಲೇ ನಿಂತ್ಕಳೇ ಮುಂಡೇದೇ! ಬಕೀಟು ಕಾಣಾಕಿಲ್ವಾ? ಕೈಕಾಲ್ ತೊಳಿದೆ ಒಳೀಕ್ ಓದ್ರೆ ಪೊರಕೆ ತಗತೀನಿ! ಪೌಡ್ರೋ, ಸೆಂಟೋ, ಸೊಳ್ಳೆ ಔಸ್ದಿನೋ, ಕೈಲಿ ಒಂಚೂರ್ ಇದ್ರೂ ಉಳ ಕಕ್ಕಂಡ್ ಸಾಯ್ತವೆ ಕಣೇ!"

ಬಾಗಿಲಲ್ಲಿ ಬಕೆಟ್ಟು, ಸೋಪು. ಚಿಕ್ಕಮ್ಮನ ಬಕೆಟ್ಟಿನ ಬಣ್ಣ ಕೆಂಪು, ಅಷ್ಟೇ ವ್ಯತ್ಯಾಸ. ಸೋರಿದ ಡಬ್ಬಿ, ಸೆರಗಿಗೆ ಒರೆಸಿದ ಬೆರಳು, ಪಕ್ಕಕ್ಕೆ ಸರಿಸಿದ ಚೊಂಬು, ನಾನು ನೇವರಿಸಿದ ಸ್ಟ್ಯಾಂಡುಗಳು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಹುಳ ನೋಡದೆಯೇ ಜಗಲಿಯ ಮೇಲೆ ಕೂತುಬಿಟ್ಟೆ.

ಮಾರನೆಯ ದಿನ ಸಂಜೆ ಆ ಮನೆಗೆ ಹೋದೆ. ರೇಷ್ಮೆ ಮನೆ ಖಾಲಿಯಾಗಿತ್ತು. ಉಳಿದಿದ್ದ ಹುಳು ಕಟ್ಟಿದ ಗೂಡು ಎರಡು ಬುಟ್ಟಿಯೂ ಆಗಿರಲಿಲ್ಲವಂತೆ. ತಾಯಿ ಸುಣ್ಣ ಬಳಿಯುತ್ತಿದ್ದಳು. ಹೇಳಿಬಿಟ್ಟೆ, "ನಿಮ್ಮ ಮಗಳದಲ್ಲಮ್ಮ, ತಪ್ಪು ನಂದು. ನನ್ನ ಕೈಯಲ್ಲಿ ಔಷಧಿ ಇತ್ತು."

ಅವಳು ಬ್ರಷ್ಷನ್ನು ಕೆಳಗಿಡಲಿಲ್ಲ. "ಗೊತ್ತು ಮಿಸ್."

"ಗೊತ್ತಾ?"

"ನೀವು ಎಲ್ಲೆಲ್ಲಿ ಮುಟ್ಟಿದ್ರೋ ಅಲ್ಲಲ್ಲೇ ಸತ್ವು. ಊರ್ನಲ್ಲಿ ನಿಮ್ ಎಸ್ರು ಬತ್ತದೆ ಅಂತ ಮಗ್ಳು ತಪ್ನ ತನ್ ಮೇಲಾಕಂಡ್ಳು. ನಾನೂ ಸುಮ್ಕಾದೆ."

"ಅವತ್ತೇ ಕೈ ತೊಳ್ಕೊಳ್ಳಿ ಅಂತ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇನಮ್ಮ?"

ಅವಳು ಈಗ ನನ್ನನ್ನು ನೇರ ನೋಡಿದಳು. "ನಿಮ್ಮೋರು ನಮ್ಮನೇಗ್ ಬಂದು ಓಗೋವಾಗ ಕೈ ತೊಳ್ಕಂಡವ್ರೆ. ಬರೋಕ್ ಮುಂಚೆ ತೊಳ್ಕಳಿ ಅಂತ ಯಾವ ಬಾಯಲ್ಲಿ ಏಳ್ಲಿ ಮಿಸ್? ನೀರ್ ಇಡ್ದೆ. ನೀವು ಬ್ಯಾಡ ಅಂದ್ರಿ."

ನಮ್ಮ ಚಿಕ್ಕಮ್ಮ ಪೊರಕೆ ತೋರಿಸಿ ಉಳಿಸಿಕೊಂಡ ಬೆಳೆಯನ್ನು ಈ ತಾಯಿ ನನ್ನ ಮುಖ ನೋಡಿ ಕಳೆದುಕೊಂಡಿದ್ದಳು. ಅವತ್ತು ಅವಳೆದುರೇ ಅತ್ತುಬಿಟ್ಟೆ. ಕ್ಲಾಸಿನಲ್ಲಿ ನಿಜ ಹೇಳುತ್ತೇನೆ ಎಂದು ಮಾತು ಕೊಟ್ಟೆ. "ಬುಡಿ ಮಿಸ್, ಯಾಕೆ" ಎಂದಳು ತಾಯಿ. ನಾನೂ ಬಿಟ್ಟೆ. ಕಳೆದ ನಾಲ್ಕು ಮಾರ್ಕನ್ನು ಯಾರಿಗೂ ಕಾಣದ ಹಾಗೆ ಸೇರಿಸಿದೆ, ಅಷ್ಟೇ.

ಮೂರು ವರ್ಷ ಕಳೆದು ಕಾದಂಬರಿ ಮುಗಿಯಿತು. ಆ ಹುಡುಗಿ ಈಗ ಮಳವಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಅಚ್ಚಿಗೆ ಕೊಡುವ ಮುಂಚೆ ಅವಳಿಗೇ ಮೊದಲು ಓದಲು ಕೊಟ್ಟೆ. ಭಾನುವಾರ ನಮ್ಮ ಮನೆಯ ಸೋಫಾದ ಮೇಲೆ ಕೂತು ಓದಿದಳು. ಕಣಜಕ್ಕೆ ನಕ್ಕಳು, ಹೇನಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ರೇಷ್ಮೆಯ ಅಧ್ಯಾಯಕ್ಕೆ ಬಂದಾಗ ನಗು ನಿಂತಿತು. ನನ್ನ ಪುಸ್ತಕದಲ್ಲಿ ಒಬ್ಬ ತುಂಟ ಹುಡುಗಿ ಕಂಡಕಂಡಲ್ಲಿ ಸ್ಪ್ರೇ ಹೊಡೆದು, ಕೊನೆಗೆ ತನ್ನ ಮನೆಯ ಹುಳುಗಳನ್ನೇ ಸಾಯಿಸಿಬಿಡುತ್ತಾಳೆ. ಮಕ್ಕಳ ಪುಸ್ತಕ, ನಗಬೇಕು, ಅದಕ್ಕೆ ಹಾಗೆ ತಿರುಗಿಸಿದ್ದೆ. ದೇವರಾಣೆಗೂ ಅದರಲ್ಲಿ ತಪ್ಪಿದೆ ಎಂದು ಬರೆಯುವಾಗ ಹೊಳೆದಿರಲಿಲ್ಲ.

ಅವಳು ಹಾಳೆಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಮಿಸ್, ಪುಸ್ತಕದಲ್ಲೂ ನಾನೇ ಸಾಯಿಸ್ದೆ ಅಂತ ಬರ್ದಿದ್ದೀರಲ್ಲಾ?"