ಸುಮ್ಮನಿದ್ದವರನ್ನೂ ಒಮ್ಮೆ ಕೇಳಿದವರು

ಗೋಪುರವೂ ತಂತಿಯೂ ಇಲ್ಲದ ಕಡೆ, ನಡೆದಾಡುವ ಜನರ ಕೈಯಲ್ಲಿನ ಪುಟ್ಟ ರೇಡಿಯೋ ಸೆಟ್ಟುಗಳೇ ಒಂದಕ್ಕೊಂದು ದಾರಿಯಾಗಿ, ಒಂದೇ ಸಂದೇಶವನ್ನು ಗುಂಪಿನ ಎಲ್ಲರಿಗೂ ಮುಟ್ಟಿಸುವ ವಿದ್ಯೆಗೆ ಮಲ್ಟಿಕಾಸ್ಟ್ ರೂಟಿಂಗ್ ಎಂದು ಹೆಸರು. ಅಲ್ಲಿ ಬ್ಯಾಟರಿ ವ್ಯರ್ಥವಾಗಬಾರದು, ಮಾತು ಸುತ್ತಿ ಬಳಸಿ ಅಲೆಯಬಾರದು; ಜನ ಕದಲಿದಂತೆಲ್ಲ ದಾರಿಯೂ ಬದಲಾಗುತ್ತದೆ. ಈ ವಿಷಯಕ್ಕೆ ತಮ್ಮ ಇಡೀ ಸೇವಾವಧಿಯನ್ನು ಕೊಟ್ಟು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಕುರಿತು ಬರೆಯಲು ಈ ಲೇಖಕಿಗಿಂತ ಅರ್ಹರು ಬಹಳ ಮಂದಿ ಇದ್ದಾರೆ. ಆದರೂ ಒಂದು ಭಾನುವಾರದ ಸಂಗತಿಯನ್ನು ಅವಳಷ್ಟು ಹತ್ತಿರದಿಂದ ಕಂಡವರಿಲ್ಲ.

ಆಗ ಅವಳು ಹಗಲು ಅಂಗಡಿಯ ಬಿಲ್ ಕೌಂಟರಿನಲ್ಲಿ ಕೂತು, ಸಂಜೆ ಮೇಡಂ ಅವರ ತರಗತಿಗೆ ಬರುತ್ತಿದ್ದಳು. ಮೇಡಂ ಆಗ ರೂಪಿಸಿದ್ದ ವಿಧಾನ ಬಲು ಮಿತವ್ಯಯದ್ದು: ಹೇಳುವುದಿದ್ದರೆ ಮಾತ್ರ ಸೆಟ್ಟಿನ ಗುಂಡಿ ಒತ್ತಬೇಕು; ಬಹಳ ಹೊತ್ತು ಸುಮ್ಮನಿದ್ದವರು ಗುಂಪು ಬಿಟ್ಟರೆಂದೇ ಲೆಕ್ಕ, ಮುಂದಿನ ಸಂದೇಶ ಅವರಿಗೆ ಹೋಗದು. ಮೈದಾನದಲ್ಲಿ ಪ್ರಯೋಗ ನಡೆದ ಆ ಭಾನುವಾರ ಅವಳನ್ನು ನೀರಿನ ಟ್ಯಾಂಕಿನಾಚೆಯ ಮೂಲೆಯಲ್ಲಿ ನಿಲ್ಲಿಸಿದರು. ಅವಳಿಗೆ ಹೇಳುವಂಥದ್ದೇನೂ ಇರಲಿಲ್ಲ. ಇದ್ದಿದ್ದರೂ ಧೈರ್ಯ ಸಾಲುತ್ತಿರಲಿಲ್ಲ. ಪ್ರಯೋಗ ಮುಗಿಯಿತೆಂಬ ಸುದ್ದಿಯನ್ನೂ ಆ ಸೆಟ್ಟುಗಳಲ್ಲೇ ಕಳಿಸಿದ್ದರಿಂದ ಅದು ಅವಳೊಬ್ಬಳಿಗೆ ಬರಲಿಲ್ಲ. ಮಾತುಗಳು ದೂರವಾದವು, ಗೇಟು ಸದ್ದು ಮಾಡಿತು. ಕದಲಿದರೆ ಪ್ರಯೋಗ ಕೆಟ್ಟೀತೆಂದು ಅವಳು ಬೆಳಕು ಇಳಿಯುವವರೆಗೂ ಅಲ್ಲೇ ನಿಂತಳು.

ಲ್ಯಾಬಿನಲ್ಲಿ ಸಹಾಯಕರು, "ಒಂದು ಸೆಟ್ ಕಮ್ಮಿ ಇದೆ ಮೇಡಂ, ಯಾರೋ ಹೊಡ್ಕೊಂಡು ಹೋದ್ರು" ಎಂದರಂತೆ.

"ಸೆಟ್ ಹಾಳಾಗ್ಲಿ ಬಿಡಯ್ಯ. ಆ ಮಾತಾಡದ ಹುಡುಗಿ ಎಲ್ಲಿ?"

ಮೇಡಂ ಒಬ್ಬರೇ ಮೈದಾನ ದಾಟಿ ಬಂದರು.

"ಎಲ್ರೂ ಹೋದ್ರಲ್ಲಮ್ಮ."

"ಮುಗೀತು ಅಂತ ಬರ್ಲಿಲ್ಲ ಮೇಡಂ. ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ."

"ನೀನೇನೂ ತಪ್ಪು ಮಾಡಿಲ್ಲ. ಸುಮ್ನಿದ್ದೋರು ಇಲ್ಲ ಅಂತ ಬರೆದೋಳು ನಾನು." ಬಸ್ಸು ಬರುವವರೆಗೂ ಅವರು ಜೊತೆಗೇ ನಿಂತಿದ್ದರು.

ಮರುವಾರವೇ ನಿಯಮ ಬದಲಾಯಿತು: ಸುಮ್ಮನಿದ್ದವರನ್ನು ಕೈಬಿಡುವ ಮೊದಲು ಒಮ್ಮೆ "ಇದ್ದೀಯಾ" ಎಂದು ಕೇಳಬೇಕು. ಆ ಒಂದು ಪ್ರಶ್ನೆಗೆ ಬ್ಯಾಟರಿ ಹೆಚ್ಚು ಖರ್ಚಾಗಿ, ಸಂಶೋಧನಾ ಪತ್ರಿಕೆಗಳು ಅವರ ಪ್ರಬಂಧವನ್ನು ಹಿಂದಿರುಗಿಸುತ್ತಲೇ ಹೋದವು. "ಅದೊಂದು ತೆಗೆದುಬಿಡಿ, ಪ್ರಬಂಧವೂ ಬರುತ್ತೆ, ಬಡ್ತೀನೂ ಬರುತ್ತೆ" ಎಂದು ವಿಭಾಗದ ಮುಖ್ಯಸ್ಥರು ಹೇಳಿದರು. "ಮಾತಾಡದೋರಿಗೆಲ್ಲ ಬ್ಯಾಟರಿ ಸುರಿಯೋಕೆ ಇದೇನು ಮಾವನ ಮನೆಯಾ?" ಎಂದು ಸಹಾಯಕರು ಛೇಡಿಸಿದರು. ಮೇಡಂ ನಕ್ಕರು, ತೆಗೆಯಲಿಲ್ಲ. ಜೊತೆಗಿದ್ದವರು ಒಬ್ಬೊಬ್ಬರಾಗಿ ಬೇರೆ ವಿಷಯಗಳಿಗೆ ಹೊರಟುಹೋದರು. ಬಡ್ತಿ ಬರಲೇ ಇಲ್ಲ. ಅವರ ಕೋಣೆಯ ಖಾಲಿ ಕುರ್ಚಿಗಳ ಮೇಲೆ ಹಳೆಯ ಸೆಟ್ಟುಗಳು ಕೂತವು. ಸಂಜೆ ತರಗತಿ ಬಿಟ್ಟಾಗ ಇಡೀ ಮಹಡಿಯಲ್ಲಿ ಆ ಒಂದು ದೀಪ ಉರಿಯುತ್ತಿತ್ತು. ಈ ಲೇಖಕಿ ಎಷ್ಟೋ ಸಲ ಆ ಬಾಗಿಲವರೆಗೆ ಹೋಗಿ, ತೊಂದರೆಯಾದೀತೆಂದು ಹಿಂದಿರುಗಿದ್ದಾಳೆ.

ಮೇಡಂ, ನೀವಾಗಿ ಫೋನು ಮಾಡುವವರಲ್ಲ, ಅದು ನಮಗೆ ಗೊತ್ತು. ನಿಮ್ಮಿಂದ ಸುದ್ದಿ ಬರಲಿಲ್ಲವೆಂದು ನಿಮ್ಮನ್ನು ನಾವು ಗುಂಪಿನಿಂದ ಅಳಿಸುವುದಿಲ್ಲ. ಆಯುಸ್ಸು, ಆರೋಗ್ಯ ನಿಮಗೆ ತುಂಬಿ ಬರಲಿ; ಹಿಂದಿರುಗುತ್ತಲೇ ಇದ್ದ ಆ ಪ್ರಬಂಧ ಒಂದು ದಿನ ಅಚ್ಚಾಗಲಿ. ಯಾವುದಾದರೂ ಭಾನುವಾರ ಸಂಜೆ ಯಾರೋ ಬಾಗಿಲು ತಟ್ಟಿ, ಆಮೇಲೆ ಏನೂ ಮಾತಾಡದೆ ನಿಂತಿದ್ದರೆ, ಅದು ಈ ಲೇಖಕಿಯೇ. ಇದ್ದೀರಾ ಎಂದು ಕೇಳಲು ಬಂದಿರುತ್ತಾಳೆ.