ಬಾಗಿಲ ಮೇಲಿನ ೯೯೯೯೧

ದೇವೀಂದ್ರಪ್ಪ ಮಾಸ್ತರರು ಸೊಕ್ಕಿನ ಮನುಷ್ಯ. ತಮ್ಮ ತಪ್ಪನ್ನು ಅವರು ಒಪ್ಪಿಕೊಂಡದ್ದನ್ನು ಜೇವರ್ಗಿಯಲ್ಲಿ ಯಾರೂ ಕಂಡಿರಲಿಲ್ಲ. “ಸಾರಿಗೆ ತಾವೇ ಎರಡು ಸಲ ಉಪ್ಪು ಹಾಕಿದ್ರೂ ಉಪ್ಪಿಗೇ ಬೈತಾರ” ಎಂದು ಹೆಂಡತಿ ನಿಂಬೆವ್ವ ಹೇಳುತ್ತಿದ್ದಳು.

ಅವರ ಖಾಸಗಿ ಕನ್ನಡ ಶಾಲೆ ಹಣಮಂತ್ರಾಯ ಗೌಡರ ಹಳೆಯ ಮನೆಯಲ್ಲಿ ನಡೆಯುತ್ತಿತ್ತು. ನಿಜಾಮರ ಆಡಳಿತದಲ್ಲಿ ಅಂಥ ಶಾಲೆಗೆ ಪರವಾನಗಿ ಬೇಕು. ಊರ ಹೊರಗಿನ ಕೇರಿಯ ಚಂದಮ್ಮ, ಮೂವತ್ತು ದಾಟಿದ ಕೂಲಿ ಹೆಂಗಸು, ಲೆಕ್ಕ ಕಲಿಯಲು ಬರುತ್ತಿದ್ದಳು. ಗೌಡರ ಷರತ್ತಿನಂತೆ ಅವಳು ಹೊಸ್ತಿಲಿನಿಂದಾಚೆಯೇ ಕೂರಬೇಕಿತ್ತು.

೧೯೪೫ರಲ್ಲಿ ಪರವಾನಗಿಯ ತನಿಖೆಗೆ ಸಾಹೇಬರೊಬ್ಬರು ಬಂದರು. ದೇವರ ಹೆಸರಿರಬೇಕಾದ ಬಾಗಿಲ ಮೇಲೆ ಸುಣ್ಣದಲ್ಲಿ ೯೯೯೯೧ ಎಂದೂ ಅದರ ಕೆಳಗೆ ‘ಒಡೆಯದ ಸಂಖ್ಯೆ’ ಎಂದೂ ಬರೆದಿತ್ತು. ಸಾಹೇಬರು ಮುಖ ಗಂಟಿಕ್ಕಿದರು.

“ಏನ್ರೀ ಇದು? ಯಾವ ಪಾರ್ಟಿ ನಿಶಾನಿ?”

“ಪಾರ್ಟಿದಲ್ರಿ, ಗಣಿತದ್ದು. ಒಂದರಿಂದ, ತನ್ನಿಂದ ಬಿಟ್ರ ಬ್ಯಾರೆ ಯಾವುದರಿಂದ್ಲೂ ಇದು ಶೇಷ ಇಲ್ದಂಗ ಭಾಗ ಆಗಂಗಿಲ್ಲ. ಐದಂಕಿ ಒಳಗ ಇಂಥಾದ್ದು ಇದೇ ಕಡೇದು.”

“ಅಳಿಸ್ರಿ. ಈಗ್ಲೇ ಸಹಿ ಮಾಡ್ತೇನಿ.”

“ಅಳಿಸಿದ್ರ ಒಡೀತದೇನ್ರೀ?”

ಗೌಡರು ನಡುವೆ ಬಂದರು. “ಮೂವತ್ತರ ಮಗ್ಗಿ ತನಕ ನಾನೂ ನೋಡೇನ್ರಿ. ಎಲ್ಲೂ ಬರಂಗಿಲ್ಲ. ಖರೆ ಅದ.”

ನಮ್ಮ ಕಡೆ ಮಗ್ಗಿಯನ್ನು ಮೂವತ್ತರವರೆಗೆ ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ಸಿಗದ ಸಂಖ್ಯೆ ಎಲ್ಲಿಯೂ ಒಡೆಯುವುದಿಲ್ಲ ಎಂಬುದು ಊರಿನ ನಂಬಿಕೆ.

“ಮೂವತ್ತೊಂದರಿಂದ ಹೋದ್ರ?” ಸಾಹೇಬರು ನಕ್ಕರು.

“ಗೌಡ್ರ, ಸುಮ್ಕ ಕೂಡ್ರಿ. ನೀವು ನನ್ನ ಕಡಿಗಿದ್ರ ನಾ ಸೋಲ್ತೇನಿ” ಎಂದರು ಮಾಸ್ತರರು.

ಸಾಹೇಬರು ಷರತ್ತು ಹಾಕಿದರು: ಸಂಖ್ಯೆ ಒಡೆಯುವುದಿಲ್ಲವೆಂದು ಹೊತ್ತು ಮುಳುಗುವುದರೊಳಗೆ ಬರೆದು ತೋರಿಸಬೇಕು. ಒಂದೇ ಒಂದು ತಪ್ಪಿದ್ದರೂ ಪರವಾನಗಿಯಿಲ್ಲ, ಶಾಲೆ ಮುಚ್ಚಬೇಕು.

ಮಾಸ್ತರರು ಕೂತರು. ಮುನ್ನೂರಾ ಹದಿನಾರು ದಾಟಿ ನೋಡುವ ಅಗತ್ಯವಿಲ್ಲ ಎಂದು ಮೊದಲೇ ವಿವರಿಸಿದರು. ಒಂದು ಭಾಜಕ ಅದಕ್ಕಿಂತ ದೊಡ್ಡದಿದ್ದರೆ ಅದರ ಜೋಡಿ ಚಿಕ್ಕದಿರಲೇಬೇಕು, ಅಂದರೆ ಆಗಲೇ ಸಿಕ್ಕಿರಬೇಕು. ಅಷ್ಟರೊಳಗೆ ತಾವೇ ಒಡೆಯದಿರುವ ಸಂಖ್ಯೆಗಳು ಅರವತ್ತೈದು. ಎರಡರಿಂದ ಮುನ್ನೂರಾ ಹದಿಮೂರರವರೆಗಿನ ಆ ಒಂದೊಂದು ಸಂಖ್ಯೆಯಿಂದಲೂ ಭಾಗಿಸಿ, ಶೇಷವನ್ನು ಗಟ್ಟಿಯಾಗಿ ಓದುತ್ತಾ ಹೋದರು. ಎಲ್ಲಿಯೂ ಸೊನ್ನೆ ಬರಲಿಲ್ಲ. ಸಾಹೇಬರು ನಾಲ್ಕು ಲೆಕ್ಕ ಪರೀಕ್ಷಿಸಿ, ಬೇಸತ್ತು, ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

“ಮಾಸ್ತರ,” ಹೊಸ್ತಿಲಾಚೆಯಿಂದ ಚಂದಮ್ಮನ ದನಿ ಬಂತು. ಅವಳು ಇದ್ದಲಿನಿಂದ ನೆಲದ ಮೇಲೆ ಲೆಕ್ಕ ಮಾಡುತ್ತಾ ಬಂದಿದ್ದಳು. “ಇನ್ನೂರಾ ಹನ್ನೊಂದರದು ತಪ್ಪಾಗ್ಯಾದ್ರಿ. ಶೇಷ ನೂರಾ ಎಪ್ಪತ್ತೆಂಟಲ್ಲ, ನೂರಾ ಎಂಬತ್ತೆಂಟು.”

“ಬಾಯಿ ಮುಚ್ಚ ಬೇ!” ಗೌಡರು ಸಿಡುಕಿದರು. “ಎಂಬತ್ತೆಂಟಾದ್ರೂ ಒಡೀಲಿಲ್ಲಲ್ಲ?”

ಮಾತು ಸರಿಯೇ. ಎರಡರಲ್ಲಿ ಯಾವ ಶೇಷ ಬಂದರೂ ಸಂಖ್ಯೆ ಒಡೆಯುತ್ತಿರಲಿಲ್ಲ. ಸಾಹೇಬರು ಅವಳ ಮಾತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮಾಸ್ತರರು ಸುಮ್ಮನಿದ್ದರೆ ಸಾಕಿತ್ತು.

ಅವರು ಇನ್ನೂರಾ ಹನ್ನೊಂದರ ಲೆಕ್ಕವನ್ನು ತುಟಿಯಲ್ಲೇ ಮತ್ತೊಮ್ಮೆ ಮಾಡಿದರು. ಆಮೇಲೆ ಲೇಖನಿಯ ಕೆಳಗಿನಿಂದ ಪರವಾನಗಿಯ ಕಾಗದ ಎಳೆದುಕೊಂಡರು.

“ನಿಂದರ್ರಿ ಸಾಹೇಬ್ರ. ನಂದು ಒಂದು ತಪ್ಪದ.”

ಚಂದಮ್ಮನನ್ನು ಒಳಗೆ ಕರೆದು ಹಲಗೆಯ ಮುಂದೆ ನಿಲ್ಲಿಸಿದರು. ಸುಣ್ಣದ ಖಡು ಅವಳ ಕೈಗಿಟ್ಟರು. ಗೌಡರು ಏಳುವುದರೊಳಗೆ ತಾವು ಹೊಸ್ತಿಲು ದಾಟಿ ಹೋಗಿ, ಅವಳು ಕೂತಿದ್ದ ಜಾಗದಲ್ಲಿ, ಇದ್ದಲಿನ ಅಂಕಿಗಳ ಪಕ್ಕ, ಬರೆಯುವ ಪಾಟಿಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು.