ಗುಂಡಿಯ ನೀರು ತಿಳಿಯಾದ ದಿನ

ಭಾನುವಾರ ಬೆಳಿಗ್ಗೆ ಆರೂವರೆಗೆ ತಟ್ಟೆ ಎತ್ತಿ ನೋಡಿದೆ. ಸೊನ್ನೆ.

ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆಯುವುದು ನನ್ನ ಚಟ. ಈ ಮಳೆಗಾಲದ ಲೆಕ್ಕ ಗೊದಮೊಟ್ಟೆಗಳದ್ದು. ಉಗಾರ ಬುದ್ರುಕದಲ್ಲಿ ಕಾಕಾನ ಕಬ್ಬಿನ ಹೊಲದ ನಡುವೆ ಮನೆ. ಮನೆಮಂದಿಯೆಲ್ಲ ಕುಡಿಯುವುದು ಹೊಲದ ಬಾವಿಯ ನೀರನ್ನೇ. ಬಾವಿಯಿಂದ ಎಂಟು ಹೆಜ್ಜೆಗೆ (ನನ್ನ ಹೆಜ್ಜೆ) ಒಂದು ಗುಂಡಿ. ಮಳೆ ನೀರು ನಿಂತು ಪಾಚಿ ಕಟ್ಟಿತ್ತು. ತಿನ್ನಲು ಬರುವ ಮೀನಿಲ್ಲ. ಕಪ್ಪೆಮರಿಗೆ ಇನ್ನೇನು ಬೇಕು?

ದಿನವೂ ಒಂದೇ ಜಾಗದಲ್ಲಿ ಸ್ಟೀಲ್ ತಟ್ಟೆ ಮುಳುಗಿಸಿ ಎತ್ತುವುದು, ಎಣಿಸುವುದು, ವಾಪಸ್ ಬಿಡುವುದು. ಬುಧವಾರ ಮೂವತ್ತೆಂಟು. ಗುರುವಾರ ನಲವತ್ತೊಂದು. ಶುಕ್ರವಾರ ಮೂವತ್ತಾರು; ಅದರಲ್ಲಿ ಏಳಕ್ಕೆ ಹಿಂಗಾಲು ಮೂಡಿದ್ದವು.

"ಕಪ್ಪಿಮರಿಗೂ ಹಾಜರಿ ಹಾಕ್ತಿಯೇನಬೇ?" ಎಂದು ಕಾಕಾ ನಗುತ್ತಿದ್ದರು.

ಶನಿವಾರ ನಾನು ಹೋಗಲಿಲ್ಲ.

ಭಾನುವಾರ ನೀರು ಗಾಜಿನಷ್ಟು ತಿಳಿ. ಕಲಕುವವರೇ ಇಲ್ಲದ ಮೇಲೆ ಕೆಸರೆಲ್ಲ ಕೆಳಗಿಳಿದಿತ್ತು. ತಳದಲ್ಲಿ ಅವೆಲ್ಲ ಇದ್ದವು, ಚೆಲ್ಲಿದ ಕಪ್ಪು ಗುರೆಳ್ಳಿನಂತೆ. ಕೆಲವು ಬಿಳಿ ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ದಿನಾ ಬರುವ ಬೆಳ್ಳಕ್ಕಿ ದಡದಲ್ಲಿ ನಿಂತಿತ್ತು. ನೀರು ನೋಡುತ್ತಿತ್ತು. ಇಳಿಯಲಿಲ್ಲ.

"ನಿನ್ನೆ ಇಲ್ಲೇನ್ ಮಾಡಿದ್ರಿ ಕಾಕಾ?"

"ಕಬ್ಬಿನ್ಯಾಗಿನ ಕಸಕ್ಕ ಎಣ್ಣಿ ಹೊಡದೆ. ಆಮ್ಯಾಲ ಎಣ್ಣಿ ಹೊಡಿಯೋ ಪಂಪ್ ತೊಳದೆ." (ನಮ್ಮ ಕಡೆ ಎಣ್ಣಿ ಎಂದರೆ ಹೊಲದ ಔಷಧ. ಔಷಧ ಎಂದರೆ ವಿಷ.)

"ಎಲ್ಲಿ ತೊಳದ್ರಿ?"

"ಗುಂಡ್ಯಾಗ. ಮತ್ತ ಬಾವ್ಯಾಗ ತೊಳೀಲೇನು? ಅಲ್ಲಿ ಗಂಗವ್ವ ಅದಾಳ!"

ಕಾಕಾ ಚಪ್ಪಲಿ ಮೆಟ್ಟಿಕೊಂಡು ಬಾವಿಕಟ್ಟೆ ಹತ್ತಿದವರಲ್ಲ. ಸುತ್ತಲಿನ ಹೊಲದವರೂ ಹಾಗೆಯೇ. ಬಾವಿಗೆ ಕೈ ಮುಗಿಯುತ್ತಾರೆ, ಪಕ್ಕದ ಗುಂಡಿಯಲ್ಲಿ ಪಂಪ್ ತೊಳೆಯುತ್ತಾರೆ. ಭಕ್ತಿಯ ವಿಷಯದಲ್ಲಿ ಯಾರನ್ನು ಬೈಯುವುದು?

"ನೀರು ಬಾವಿಗೆ ಇಳದ್ರ? ವೈನಿಗೆ ಏಳು ತಿಂಗಳರಿ," ಎಂದೆ. ವೈನಿ ಎಂದರೆ ಕಾಕಾನ ಸೊಸೆ, ಚೊಚ್ಚಲ ಬಸುರಿ.

"ಗುಂಡಿ ಬ್ಯಾರೆ, ಬಾವಿ ಬ್ಯಾರೆ. ಹುಚ್ಚಿ ಅದೀ ನೀ!" ಎಂದು ಕಾಕಾ ಬಾವಿಯ ಮೋಟಾರು ಚಾಲೂ ಮಾಡಿದರು. ಮನೆಯ ನೀರಿನ ಟಾಕಿ ತುಂಬಬೇಕಿತ್ತು.

ನಾನು ಗುಂಡಿಯಲ್ಲಿ ಒಂದು ಕಡ್ಡಿ ನೆಟ್ಟು, ನೀರಿನ ಮಟ್ಟಕ್ಕೆ ಪೆನ್ನಿನ ಗೆರೆ ಎಳೆದೆ. ಗಾಳಿ ಇರಲಿಲ್ಲ. ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಅತ್ತ ಬಾವಿಯ ಮೇಲೆ ಮೋಟಾರು ಮಾತ್ರ ಓಡುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ನೀರು ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಯಾರೋ ಅಡಿಯಲ್ಲಿ ಕೂತು, ಸದ್ದಿಲ್ಲದೆ ಹೀರುತ್ತಿದ್ದಂತೆ.

ಕಾಕಾನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. ಹೋಗಿ ಮೋಟಾರು ಬಂದ್ ಮಾಡಿದರು.

ನಾನು ಮನೆಯ ಕಡೆ ಓಡಿದೆ. ಓಡುತ್ತಲೇ ಲೆಕ್ಕ ಹಾಕುತ್ತಿದ್ದೆ: ಶನಿವಾರದಿಂದ ವೈನಿ ಎಷ್ಟು ಲೋಟ ನೀರು ಕುಡಿದಿದ್ದಾರೆ, ಅದನ್ನು ಯಾರು ಎಣಿಸಿದ್ದಾರೆ?